ಎರಡು ಪುಸ್ತಕ, ಎರಡು ನಂಬರ್: ಮ್ಯಾಕ್ಸಿಮಮ್ ಅಂದ್ರೆ ನಿಜವಾಗಿ ಎಷ್ಟು?

ಈ ವಾರದ ಮಾತು ಸ್ವಲ್ಪ ವಿಚಿತ್ರವಾದ ಜಾಗದಿಂದ ಶುರುವಾಗತ್ತೆ: ಟೆಕ್ಸಾಸ್‌ನ ಒಂದು ಗ್ಯಾರೇಜ್. ಕೆಲವು ವರ್ಷಗಳ ಹಿಂದೆ ಆನ್‌ಸೈಟ್ ಹೋಗಿದ್ದಾಗ ಟೀಮಿನ ಹಿರಿಯರೊಬ್ಬರು ಶನಿವಾರ ಊಟಕ್ಕೆ ಕರೆದಿದ್ದರು. ಊಟ ಆದಮೇಲೆ ಗ್ಯಾರೇಜ್ ತೋರಿಸಿದರು. ಮರದ ಬೆಂಚು, ಕೈಯಿಂದ ಎಳೆಯೋ ಪ್ರೆಸ್ಸು, ನಮ್ಮ ಅಕ್ಕಸಾಲಿಗರ ಹತ್ತಿರ ಇರೋ ತರದ್ದೇ ಒಂದು ಸೂಕ್ಷ್ಮ ತಕ್ಕಡಿ, ಶೆಲ್ಫ್ ತುಂಬ ಪುಸ್ತಕ. ಬಳಸಿದ ಹಿತ್ತಾಳೆ ಕೇಸ್‌ಗೆ ಹೊಸ ಪ್ರೈಮರ್, ಪೌಡರ್, ಬುಲೆಟ್ ಹಾಕಿ ಮತ್ತೆ ಕಾರ್ಟ್ರಿಡ್ಜ್ ಮಾಡೋ ಹವ್ಯಾಸ ಅವರದ್ದು. ಹ್ಯಾಂಡ್‌ಲೋಡಿಂಗ್ ಅಥವಾ ರೀಲೋಡಿಂಗ್ ಅಂತಾರೆ.

ಅವರು ಎರಡು ಪುಸ್ತಕ ತೆಗೆದು ಪಕ್ಕಪಕ್ಕ ಇಟ್ಟರು. ಕಾರ್ಟ್ರಿಡ್ಜ್ ಒಂದೇ, ಬುಲೆಟ್ ತೂಕ ಒಂದೇ, ಪೌಡರ್ ಒಂದೇ. ಆದರೆ ಒಂದು ಪುಸ್ತಕ ಆರಾಮಾಗಿ ಕೊಡೋ ಅಳತೆ ಇನ್ನೊಂದು ಪುಸ್ತಕದ ಮ್ಯಾಕ್ಸಿಮಮ್ ದಾಟಿತ್ತು. ಎರಡೂ ಹೆಸರಾಂತ ಕಂಪನಿಗಳದ್ದೇ. "ಯಾವುದು ಸರಿ?" ಅಂತ ಕೇಳಿದೆ. "ಎರಡೂ" ಅಂದು ನಕ್ಕರು. ಆ ನಗು ಅರ್ಥ ಆಗೋಕೆ ನನಗೆ ಸುಮಾರು ನೂರೈವತ್ತು ವರ್ಷದ ಇತಿಹಾಸ ಓದಬೇಕಾಯ್ತು.

ಮೊದಲೇ ಹೇಳಿಬಿಡ್ತೀನಿ. ಇದು ಅಮೆರಿಕದ ಕಥೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಸೋಕೆ ಲೈಸೆನ್ಸ್ ಬೇಕು. ಹಾಗಾಗಿ ಇಲ್ಲಿ ಎಷ್ಟು ಪೌಡರ್ ಹಾಕಬೇಕು ಅನ್ನೋ ಅಳತೆ ಒಂದೂ ಇಲ್ಲ. ಇರೋದು ಆ ಅಳತೆಗಳು ಯಾಕೆ ಜಗಳ ಆಡ್ತವೆ ಅನ್ನೋದು ಮಾತ್ರ.

ಪೌಡರ್ ತೂಗೋದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಅಂದ್ರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ, ಒಂದು ಗುಲಗಂಜಿಯ ಅರ್ಧ ತೂಕ. ಹ್ಯಾಂಡ್‌ಗನ್‌ನ ಚಿಕ್ಕ ಕೇಸ್‌ನಲ್ಲಿ ಆ ಅರ್ಧ ಗುಲಗಂಜಿ ಬಹಳ ದೊಡ್ಡ ವ್ಯತ್ಯಾಸ. ಹಳೇ ಕಪ್ಪು ಮದ್ದಿನ ಕಾಲದಲ್ಲಿ ಈ ತಲೆನೋವು ಇಷ್ಟಿರಲಿಲ್ಲ. ಕೇಸ್ ತುಂಬೋಷ್ಟು ಹಾಕು, ಮುಗೀತು. 1884ರಲ್ಲಿ ಫ್ರಾನ್ಸ್‌ನ ಪಾಲ್ ವಿಯೆಯ್ ಹೊಗೆರಹಿತ ಪೌಡರ್ ಮಾಡಿದ. ಅದೇ ವರ್ಷ ಅಮೆರಿಕದಲ್ಲಿ ಜಾನ್ ಬಾರ್ಲೋ ಐಡಿಯಲ್ ಕಂಪನಿ ಶುರು ಮಾಡಿ ರೀಲೋಡಿಂಗ್ ಉಪಕರಣದ ಜೊತೆ ಕೈಪಿಡಿಗಳನ್ನೂ ಹೊರತಂದ. ಹೊಸ ಪೌಡರ್‌ನಲ್ಲಿ ಶಕ್ತಿ ಜಾಸ್ತಿ, ಜಾಗ ಕಡಿಮೆ. .38 ಸ್ಪೆಷಲ್ ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕಪ್ಪು ಮದ್ದಿಗಾಗಿ ಮಾಡಿದ ಉದ್ದದ ಕೇಸ್ ಅದು. ಹೊಗೆರಹಿತ ಪೌಡರ್ ಹಾಕಿದರೆ ತಳದಲ್ಲಿ ಒಂದಿಷ್ಟು, ಮೇಲೆಲ್ಲ ಖಾಲಿ. ಮರೆತು ಎರಡು ಸಲ ಹಾಕಿದರೂ ಹೊರಗೆ ಚೆಲ್ಲಲ್ಲ, ಬುಲೆಟ್ ಕೂರಿಸಿದರೆ ಗೊತ್ತೇ ಆಗಲ್ಲ. ಅಲ್ಲಿಂದ ಮುಂದೆ ಪುಸ್ತಕದ ನಂಬರ್ ಅನ್ನೋದು ಬೆರಳು ಉಳಿಯೋ ವಿಷಯ ಆಯ್ತು.

ಹಾಗಾದ್ರೆ ಆ ನಂಬರ್ ಬರೋದು ಎಲ್ಲಿಂದ? ಒಳಗಿನ ಒತ್ತಡ ಅಳೆದು. ಅಳೆಯೋದು ಹೇಗೆ? ಕಥೆಯ ತಿರುಳು ಇಲ್ಲೇ ಇದೆ.

1860ರ ದಶಕದಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ನೋಬಲ್ ಫಿರಂಗಿಗಳಿಗಾಗಿ ಕ್ರಷರ್ ಗೇಜ್ ಬಳಕೆಗೆ ತಂದ. ಬ್ಯಾರೆಲ್‌ಗೆ ತೂತು, ತೂತಿನಲ್ಲೊಂದು ಪಿಸ್ಟನ್, ಅದರ ಮೇಲೆ ಪುಟ್ಟ ತಾಮ್ರದ ತುಂಡು. ಹಾರಿಸಿದಾಗ ಪಿಸ್ಟನ್ ತಾಮ್ರವನ್ನ ಅಪ್ಪಚ್ಚಿ ಮಾಡತ್ತೆ. ಎಷ್ಟು ಗಿಡ್ಡ ಆಯ್ತು ಅಂತ ಮೈಕ್ರೋಮೀಟರ್‌ನಲ್ಲಿ ನೋಡಿ, ಒಂದು ಕೋಷ್ಟಕದಲ್ಲಿ ಒತ್ತಡ ಹುಡುಕೋದು. ಸರಳ, ಅಗ್ಗ, ಗಟ್ಟಿ. ಸುಮಾರು ನೂರು ವರ್ಷ ಇದೇ ನಡೀತು. ಸಮಸ್ಯೆ ಏನಂದ್ರೆ, ಒತ್ತಡ ಏರಿ ಇಳಿಯೋದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ. ತಾಮ್ರಕ್ಕೆ ಅಷ್ಟು ಚುರುಕಿಲ್ಲ, ಅದು ಬಾಗೋಕೂ ಸಮಯ ಬೇಕು. ಹಾಗಾಗಿ ನಿಜವಾದ ಶಿಖರ ಎಷ್ಟೋ ಸಲ ಅದಕ್ಕೆ ಕಾಣ್ಸೋದೇ ಇಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ, ಲೇಟೆನ್ಸಿ ಸ್ಪೈಕ್ ಹುಡುಕೋಕೆ ಹೋಗಿ ಸರಾಸರಿ ಗ್ರಾಫ್ ನೋಡಿದ ಹಾಗೆ.

ಆಮೇಲೆ ಪೀಜೋ ಟ್ರಾನ್ಸ್‌ಡ್ಯೂಸರ್ ಬಂತು. ಒತ್ತಿದರೆ ವಿದ್ಯುತ್ ಹುಟ್ಟಿಸೋ ಹರಳಿನ ಗುಣವನ್ನ ಕ್ಯೂರಿ ಸಹೋದರರು ಕಂಡದ್ದು 1880ರಲ್ಲಿ. ಅದು ಮದ್ದುಗುಂಡು ಉದ್ಯಮದ ದಿನನಿತ್ಯದ ಉಪಕರಣ ಆಗೋಕೆ ಇಪ್ಪತ್ತನೇ ಶತಮಾನದ ಉತ್ತರಾರ್ಧ ಬೇಕಾಯ್ತು. ಈಗ ಏರಿಳಿತದ ಪೂರ್ತಿ ಗೆರೆ ಕಾಣಿಸತ್ತೆ. ಎರಡು ಗೇಜ್ ಬೇರೆ ಬೇರೆ ಉತ್ತರ ಕೊಟ್ಟಾಗ ಹೆಸರನ್ನೂ ಬೇರೆ ಮಾಡಿದರು: ತಾಮ್ರದ್ದು ಸಿಯುಪಿ, ಅಂದ್ರೆ ಕಾಪರ್ ಯೂನಿಟ್ಸ್ ಆಫ್ ಪ್ರೆಶರ್, ಟ್ರಾನ್ಸ್‌ಡ್ಯೂಸರ್‌ದು ಪಿಎಸ್ಐ. ಆದರೆ ಅದಕ್ಕಿಂತ ಹಿಂದಿನ ಪುಸ್ತಕಗಳು ತಾಮ್ರದ ಲೆಕ್ಕವನ್ನೂ ಪಿಎಸ್ಐ ಅಂತಲೇ ಅಚ್ಚು ಹಾಕಿದ್ದವು! ಲೇಬಲ್ ಒಂದೇ, ಒಳಗಿನ ಅರ್ಥ ಬೇರೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹಾಳಾಗಿದ್ದು ಯೂನಿಟ್ ಗೊಂದಲದಿಂದ ಅಂತ ನೀವೆಲ್ಲ ಓದಿರ್ತೀರಿ. ಇದು ಅದರ ಗ್ಯಾರೇಜ್ ಆವೃತ್ತಿ.

"ಒಂದು ಕನ್ವರ್ಶನ್ ಫಂಕ್ಷನ್ ಬರೆದುಬಿಡೋಣ" ಅಂತ ನನಗೂ ಅನ್ನಿಸಿತ್ತು. ಆಗಲ್ಲ. ಅಮೆರಿಕದ ಉದ್ಯಮ ಸಂಸ್ಥೆ ಸಾಮಿ, 1926ರಲ್ಲಿ ಶುರುವಾದದ್ದು, ಅದರ ಮಿತಿಗಳನ್ನೇ ನೋಡಿ. .45 ಎಸಿಪಿಗೆ 18,000 ಸಿಯುಪಿ, 21,000 ಪಿಎಸ್ಐ. .38 ಸ್ಪೆಷಲ್‌ಗೆ ಎರಡೂ 17,000. .30-06 ರೈಫಲ್‌ಗೆ 50,000 ಮತ್ತು 60,000. ಅನುಪಾತ ಕಾರ್ಟ್ರಿಡ್ಜ್‌ನಿಂದ ಕಾರ್ಟ್ರಿಡ್ಜ್‌ಗೆ ಬದಲಾಗತ್ತೆ. ಇನ್ನು .357 ಮ್ಯಾಗ್ನಮ್‌ಗೆ ಬಂದ್ರೆ ಉಲ್ಟಾ: 45,000 ಸಿಯುಪಿ ಇದ್ದದ್ದು 35,000 ಪಿಎಸ್ಐ ಆಯ್ತು. ಇಲ್ಲಿ ಯೂನಿಟ್ ಮಾತ್ರ ಬದಲಾಗಿಲ್ಲ, ಮಿತಿಯೇ ಕೆಳಗಿಳಿದಿದೆ. ಹಾಗಾಗಿ .357ರ ಹಳೇ ಪುಸ್ತಕಕ್ಕೂ ಹೊಸ ಪುಸ್ತಕಕ್ಕೂ ತಾಳ ಆಗಲ್ಲ. "ವಕೀಲರಿಗೆ ಹೆದರಿ ಕಡಿಮೆ ಮಾಡಿದ್ದಾರೆ" ಅಂತ ಅಲ್ಲಿನ ಹಳಬರು ಗೊಣಗ್ತಾರಂತೆ. ವಕೀಲರ ಪಾಲು ಎಷ್ಟೋ ಇರಲಿ, ಗೇಜ್ ಬದಲಾದ ವಿಷಯ ಆ ಗೊಣಗಾಟದಲ್ಲಿ ಮರೆತುಹೋಗತ್ತೆ. ಯುರೋಪಿನ ಸಿಐಪಿ ಸಂಸ್ಥೆಯದ್ದು ಇನ್ನೊಂದು ದಾರಿ: ಕೇಸ್‌ಗೇ ತೂತು ಕೊರೆದು ಅಳೆಯತ್ತೆ. ಸಾಮಿ ಪದ್ಧತಿಯಲ್ಲಿ ತೂತಿಲ್ಲ, ಕೇಸ್ ಗೋಡೆಯ ಮೇಲಿಂದಲೇ ಅಳತೆ.

ಈ .357 ಹುಟ್ಟಿದ್ದು 1935ರಲ್ಲಿ. ಅದರ ಕೇಸ್ .38 ಸ್ಪೆಷಲ್‌ಗಿಂತ ಮೂರು ಮಿಲಿಮೀಟರ್ ಚಿಲ್ಲರೆ ಉದ್ದ. ಬೇಕಂತಲೇ ಹಾಗೆ ಮಾಡಿದ್ದು, ಹಳೇ ದುರ್ಬಲ .38 ರಿವಾಲ್ವರ್‌ನಲ್ಲಿ ಅದು ಕೂರಲೇಬಾರದು ಅಂತ. ಕಂಪೈಲರ್ ಹಂತದಲ್ಲೇ ಎರರ್ ಕೊಟ್ಟ ಹಾಗೆ. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಡಿಸೈನ್ ಇದು. ಪೌಡರ್ ಅಳತೆಗೆ ಮಾತ್ರ ಅಂಥ ಕಾವಲು ಇಲ್ಲ.

ಇಡಾಹೋದ ಎಲ್ಮರ್ ಕೀತ್ ಹೆಸರು ಇಲ್ಲಿ ಬರಲೇಬೇಕು. 1899ರಲ್ಲಿ ಹುಟ್ಟಿದ, ಜಾನುವಾರು ಸಾಕ್ತಾ, ಬೇಟೆ ಆಡ್ತಾ, ಬಂದೂಕಿನ ಬಗ್ಗೆ ಬರೀತಾ ಇದ್ದ ಮನುಷ್ಯ. .44 ಸ್ಪೆಷಲ್‌ನಲ್ಲಿ 2400 ಅನ್ನೋ ಪೌಡರ್ ಹಾಕಿ, ಕಾರ್ಖಾನೆ ಮಿತಿ ದಾಟಿದ ಭಾರೀ ಲೋಡ್‌ಗಳನ್ನ ಬರೆದು ಪ್ರಸಿದ್ಧನಾದ. 1955ರ ಕೊನೆಗೆ .44 ಮ್ಯಾಗ್ನಮ್ ಬರೋಕೆ ಆ ಒತ್ತಾಯವೇ ದಾರಿ ಮಾಡ್ತು. ಆದರೆ ಅವನ ಮೊದಲ ಲೋಡ್‌ಗಳು ಇದ್ದದ್ದು ಬಲೂನ್-ಹೆಡ್ ಅನ್ನೋ ಹಳೇ ಮಾದರಿ ಕೇಸ್‌ನಲ್ಲಿ, ತಳದಲ್ಲಿ ಜಾಗ ಜಾಸ್ತಿ. ಆಮೇಲೆ ತಳ ದಪ್ಪ ಇರೋ ಗಟ್ಟಿ ಕೇಸ್ ಬಂತು, ಒಳಗಿನ ಜಾಗ ಕಡಿಮೆ ಆಯ್ತು. ಅದೇ ಪೌಡರ್, ಅದೇ ತೂಕ, ಒತ್ತಡ ಜಾಸ್ತಿ. ಕೀತ್ ತಾನೇ ಅಳತೆ ಇಳಿಸಿದ. ಅವನ ಹಳೇ ನಂಬರ್ ಮಾತ್ರ ಬಾಯಿಂದ ಬಾಯಿಗೆ ಓಡ್ತಾನೇ ಇತ್ತು, ಕೇಸ್‌ನ ಷರತ್ತು ಕಳಚಿ ಬಿದ್ದುಹೋಗಿತ್ತು.

ನನಗೂ ಒಂದು ನೆನಪಿದೆ. ಬೇರೆ ಟೀಮಿನ ಕಾನ್ಫಿಗ್‌ನಿಂದ ಒಂದು ಕನೆಕ್ಷನ್ ಲಿಮಿಟ್ ಹಾಗೇ ಎತ್ತಿಕೊಂಡಿದ್ದೆ. ಅವರ ಮಶೀನ್ ನಮ್ಮದರ ಎರಡರಷ್ಟು ದೊಡ್ಡದು ಅಂತ ಗೊತ್ತಾಗಿದ್ದು ರಾತ್ರಿ ಎರಡು ಗಂಟೆಗೆ. ನನ್ನದು ರೋಲ್‌ಬ್ಯಾಕ್ ಮಾಡಿದ್ರೆ ಮುಗೀತು. ಸಿಡಿದ ಸಿಲಿಂಡರ್‌ಗೆ ರೋಲ್‌ಬ್ಯಾಕ್ ಇಲ್ಲ.

ಕೇಸ್ ಒಂದೇ ಅಲ್ಲ. 9 ಎಂಎಂನಲ್ಲಿ ಸ್ಪೀರ್ ಕಂಪನಿ ಮಾಡಿ ತೋರಿಸಿದ ಪ್ರಯೋಗ ಒಂದಿದೆ. ಪೌಡರ್ ಮುಟ್ಟಲಿಲ್ಲ, ಬುಲೆಟ್ಟನ್ನ ಮಾತ್ರ 0.030 ಇಂಚು, ಅಂದ್ರೆ ಮುಕ್ಕಾಲು ಮಿಲಿಮೀಟರ್, ಒಳಗೆ ಒತ್ತಿ ಕೂರಿಸಿದರು. 28,000 ಸಿಯುಪಿ ಇದ್ದ ಒತ್ತಡ 62,000ಕ್ಕೆ ಹೋಯ್ತು. ಮಿತಿ ಇರೋದು 33,000. ಒಂದೇ ತೂಕದ ಬುಲೆಟ್ ಅಂದ್ರೂ ಆಕಾರ ಬೇರೆ ಆದ್ರೆ ಒಳಗೆ ಕೂರೋ ಉದ್ದ ಬೇರೆ. ಎರಡು ಪುಸ್ತಕ ಯಾಕೆ ಜಗಳ ಆಡ್ತವೆ ಅನ್ನೋದಕ್ಕೆ ಇದಕ್ಕಿಂತ ನೇರ ಉತ್ತರ ಬೇಡ.

ತಮಾಷೆಯ ಉದಾಹರಣೆಯೂ ಇದೆ. ವಿಂಚೆಸ್ಟರ್ 231 ಮತ್ತು ಹಾಜ್‌ಡನ್ ಎಚ್‌ಪಿ-38 ಒಂದೇ ಪೌಡರ್, ಡಬ್ಬಿ ಮಾತ್ರ ಬೇರೆ. ವಿಂಚೆಸ್ಟರ್ 296 ಮತ್ತು ಎಚ್110 ಕೂಡ ಹಾಗೇ. ಆದರೂ ಹಳೇ ಪುಸ್ತಕಗಳಲ್ಲಿ ಈ ಅವಳಿಗಳಿಗೆ ಬೇರೆ ಬೇರೆ ಮ್ಯಾಕ್ಸಿಮಮ್ ಸಿಗತ್ತೆ! ಬೇರೆ ಲಾಟ್, ಬೇರೆ ದಿನ, ಬೇರೆ ಬ್ಯಾರೆಲ್. ಪೌಡರ್ ತಾನೇ ತನ್ನ ಜೊತೆ ಒಪ್ಪದಿದ್ದಾಗ, ಆ ವ್ಯತ್ಯಾಸವನ್ನ ಅಳತೆಯ ಎರರ್ ಬಾರ್ ಅಂತಲೇ ಓದಬೇಕು.

ಇಷ್ಟೆಲ್ಲ ಅನುಭವದಿಂದ ರೀಲೋಡರ್‌ಗಳು ಕಟ್ಟಿಕೊಂಡ ಪದ್ಧತಿ ಬೇಸರ ಹುಟ್ಟಿಸೋಷ್ಟು ಸರಳ. ಪೌಡರ್ ಅಥವಾ ಬುಲೆಟ್ ತಯಾರಕರ ಇತ್ತೀಚಿನ ಡೇಟಾ ಮೊದಲು. ತನ್ನ ಬುಲೆಟ್, ಕೇಸ್, ಪ್ರೈಮರ್‌ಗೆ ಯಾವ ಪುಟ ಹೆಚ್ಚು ಹತ್ತಿರ ಅಂತ ನೋಡೋದು. ಡೇಟಾ ಹೊಂದದಿದ್ದರೆ ಕಡಿಮೆ ಇರೋ ಸ್ಟಾರ್ಟಿಂಗ್ ಲೋಡ್‌ನಿಂದ ಶುರು ಮಾಡಿ ಸ್ವಲ್ಪಸ್ವಲ್ಪವೇ ಮೇಲೆ. ಸರಾಸರಿ ತೆಗೆಯೋದು ಮಾತ್ರ ತಪ್ಪು. ಎರಡು ಪುಸ್ತಕದ ನಡುವಿನ ನಂಬರನ್ನ ಯಾರೂ ಪರೀಕ್ಷೆ ಮಾಡಿಲ್ಲ. ಕಣ್ಣನ್ನೂ ನಂಬೋ ಹಾಗಿಲ್ಲ. ಚಪ್ಪಟೆಯಾದ ಪ್ರೈಮರ್ ನೋಡಿ ಒತ್ತಡ ಊಹಿಸೋದು ಹಳೇ ಅಭ್ಯಾಸ, ಆದರೆ .38 ಸ್ಪೆಷಲ್‌ನಂಥ ಕಡಿಮೆ ಒತ್ತಡದ ಕಾರ್ಟ್ರಿಡ್ಜ್‌ನಲ್ಲಿ ಆ ಲಕ್ಷಣ ಕಾಣೋ ಹೊತ್ತಿಗೆ ಮಿತಿ ಎಂದೋ ದಾಟಿರತ್ತೆ. "ಕಡಿಮೆ ಹಾಕಿದ್ರೆ ಯಾವಾಗಲೂ ಸೇಫ್" ಅನ್ನೋದಕ್ಕೂ ಅಪವಾದ ಇದೆ: ಎಚ್110ನ್ನ ಕೊಟ್ಟ ಅಳತೆಗಿಂತ ಶೇಕಡಾ 3ಕ್ಕಿಂತ ಹೆಚ್ಚು ಇಳಿಸಬೇಡಿ ಅಂತ ತಯಾರಕರೇ ಹೇಳ್ತಾರೆ, ಸರಿಯಾಗಿ ಉರಿಯದೆ ಬುಲೆಟ್ ಬ್ಯಾರೆಲ್‌ನಲ್ಲೇ ಸಿಕ್ಕಿಕೊಳ್ಳಬಹುದು ಅಂತ.

ಹೊರಡೋ ಮೊದಲು ಆ ಶೆಲ್ಫ್ ಮತ್ತೊಮ್ಮೆ ನೋಡಿದೆ. ಒಂದು ಹಳೇ ಪುಸ್ತಕ ಬೇರೆಯಾಗಿ ಮೇಲಿನ ಅಟ್ಟದಲ್ಲಿತ್ತು: 1970ರ ಸ್ಪೀರ್ ಎಂಟನೇ ಮ್ಯಾನ್ಯುಯಲ್. ಅತಿ ಬಿಸಿ ಲೋಡ್‌ಗಳಿಗೆ ರೀಲೋಡರ್‌ಗಳ ನಡುವೆ ಹೆಸರುವಾಸಿಯಾದದ್ದು. ಯಾಕೆ ಇಟ್ಟುಕೊಂಡಿದ್ದೀರಿ ಅಂದೆ. ತಂದೆಯದ್ದು, ಅಂದರು. ತೆಗೆದು ತೋರಿಸಿದರು. .38 ಸ್ಪೆಷಲ್ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಕೇಸ್ ಕಂಪನಿ, ಪ್ರೈಮರ್, ಪೌಡರ್ ಲಾಟ್ ನಂಬರ್, ತಾರೀಖು. ಕೆಳಗೆ ಕಂಪನಿ ಕೊಟ್ಟ ಮ್ಯಾಕ್ಸಿಮಮ್ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಅದಕ್ಕಿಂತ ಚಿಕ್ಕದಾದ ಇನ್ನೊಂದು ನಂಬರ್.