ಸೂಪಾದ ಹಿನ್ನೀರು, ಮುಂಡಗೋಡದ ಕ್ಯಾಂಪು: ನೆಲೆ ತಪ್ಪಿದವರ ಮನೆ

ಗಣೇಶಗುಡಿಯಲ್ಲಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿಗೆ ಸೂಪಾ ಎಂದು ಹೆಸರು. ಆ ಹೆಸರಿನ ಊರು, ಹಿಂದಿನ ತಾಲ್ಲೂಕು ಕೇಂದ್ರ, ಅದೇ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿತು. ಕಚೇರಿಗಳು ಜೊಯಿಡಾಕ್ಕೆ ಬಂದವು, ಒಕ್ಕಲೆದ್ದ ಅನೇಕ ಕುಟುಂಬಗಳು ಅದೇ ತಾಲ್ಲೂಕಿನ ರಾಮನಗರ ಸೇರಿದವು. ಇವರು ಯುದ್ಧಕ್ಕೆ ಅಂಜಿ ಊರು ಬಿಟ್ಟವರಲ್ಲ. ಆದರೂ ಇದೇ ಜಿಲ್ಲೆಯ ಮುಂಡಗೋಡದಲ್ಲಿರುವ ಟಿಬೆಟನ್ನರು ಕಳೆದುಕೊಂಡದ್ದೇನು ಎಂದು ತಿಳಿಯಲು ಸೂಪಾವನ್ನು ಜೊತೆಗಿಟ್ಟು ನೋಡಬೇಕು. ಮುಳುಗಡೆಯವರ ನಷ್ಟವನ್ನು ಸರ್ಕಾರ ಪರಿಹಾರ ಕೊಟ್ಟು ಮುಗಿಸುತ್ತದೆ. ನೋವು ಉಳಿದರೂ ಮರಳುವ ಮಾತು ಅಲ್ಲಿಗೆ ನಿಲ್ಲುತ್ತದೆ. ಓಡಿಬಂದವರಿಗೆ ಮರಳುವ ಮಾತೇ ಆಧಾರ. ಅದರಿಂದಲೇ ಅವರು ಎಷ್ಟು ಗಟ್ಟಿಯಾಗಿ ಮನೆ ಕಟ್ಟಿದರೂ ಅದು ಬಿಡಾರವಾಗಿಯೇ ಉಳಿಯುತ್ತದೆ.

1959ರ ಮಾರ್ಚ್‌ನಲ್ಲಿ ಲ್ಹಾಸಾದ ದಂಗೆಯನ್ನು ಚೀನೀ ಸೇನೆ ಹತ್ತಿಕ್ಕಿದಾಗ ಸಾವಿರಾರು ಜನ ಹಿಮಾಲಯ ದಾಟಿದರು. ಅವರಲ್ಲಿ ಅನೇಕ ಭಿಕ್ಷುಗಳನ್ನು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದಿಖಾನೆಯಲ್ಲಿ ಇರಿಸಲಾಯಿತು. ಕ್ಷಯರೋಗಕ್ಕೆ ಅಲ್ಲಿ ಹಲವರು ತೀರಿಕೊಂಡರು. ಮುಂಡಗೋಡದ ವಸಾಹತು ಶುರುವಾದದ್ದು 1966ರಲ್ಲಿ. ಟಿಬೆಟಿನ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಅಲ್ಲಿ ಮತ್ತೆ ಎದ್ದವು. 1409ರಲ್ಲಿ ಸ್ಥಾಪನೆಯಾದ ಮೂಲ ಗಾಂದೆನ್ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಾಳುಬಿದ್ದಿತು. ಹಿಂತಿರುಗಿ ನೋಡಬೇಕೆಂದವರಿಗೆ ಉಳಿದದ್ದು ಪಾಳುಗೋಡೆಗಳು ಮಾತ್ರ.

ಇಲ್ಲಿ ಗಮನಿಸಬೇಕಾದದ್ದು ಮಠದೊಳಗಿನ ಖಂಗ್‌ತ್ಸೆನ್ ವ್ಯವಸ್ಥೆ. ಟಿಬೆಟಿನ ಒಂದೊಂದು ಸೀಮೆಯಿಂದ ಬಂದವರಿಗೆ ಒಂದೊಂದು ವಸತಿಮನೆ, ಅಡುಗೆ, ಹಿರಿಯರ ಮೇಲ್ವಿಚಾರಣೆ. ಮುಂಡಗೋಡದ ಗೋವಿನಜೋಳದ ಹೊಲಗಳ ನಡುವೆ ಅದೇ ಹೆಸರುಗಳ ಮನೆಗಳು ಎದ್ದಿವೆ. ಖಾಮ್ ಸೀಮೆಯ ಹುಡುಗ ಬಂದರೆ ತನ್ನ ಕಡೆಯವರ ಮನೆಗೇ ಸೇರುತ್ತಾನೆ. ಅವನ ನುಡಿಯ ಧಾಟಿ ಗುರುತಿಸುವವರು ಅಲ್ಲಿರುತ್ತಾರೆ. ನಾಡು ಕೈಬಿಟ್ಟ ಮೇಲೂ ಅದರ ಸೀಮೆಗಳು ಮಠದ ಅಂಗಳದಲ್ಲಿ ಉಳಿದಿವೆ. ಇಷ್ಟು ಜತನದಿಂದ ಊರನ್ನು ಒಯ್ದ ಜನ ಅಪರೂಪ ಎಂದು ನಾನು ನಂಬುತ್ತೇನೆ. ಸೂಪಾದವರಿಗೆ ಇಂಥ ಸಂಸ್ಥೆಯ ಬೆನ್ನಾಸರೆ ಇರಲಿಲ್ಲ; ಕೇರಿ ಚದುರಿದಾಗ ನೆರೆಹೊರೆಯೂ ಚದುರಿತು.

ಆದರೆ ಕಾಗದದಲ್ಲಿ ಪರಿಸ್ಥಿತಿ ತಿರುಗುಮುರುಗು. ರಾಮನಗರದವರು ಈ ದೇಶದ ಪ್ರಜೆಗಳು. ಮುಂಡಗೋಡದಲ್ಲೇ ಹುಟ್ಟಿದರೂ ಭಾರತದ ಪೌರತ್ವ ಪಡೆಯದ ಟಿಬೆಟನ್ನರು ವಿದೇಶಿಯರೆಂದು ನೋಂದಣಿ ಮಾಡಿಸಿ, ಆ ಪತ್ರವನ್ನು ನವೀಕರಿಸುತ್ತಿರಬೇಕು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ವಿದೇಶದ ಪೌರತ್ವ ಪಡೆದ ಮಗಳು ಕ್ಯಾಂಪಿನಲ್ಲಿರುವ ತಾಯಿಯ ಮನೆಯಲ್ಲಿ ತಂಗಲು ಗೃಹ ಸಚಿವಾಲಯದ ಪರವಾನಗಿ ಬೇಕು.

1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂಬುದನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಟಿಬೆಟನ್ನರೊಬ್ಬರ ಪ್ರಕರಣದಲ್ಲಿ ಎತ್ತಿಹಿಡಿಯಿತು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಕೇಂದ್ರ ಸರ್ಕಾರ ಮುಂದಿಟ್ಟ ಷರತ್ತುಗಳಲ್ಲಿ, ಅರ್ಜಿದಾರರು ಟಿಬೆಟನ್ ವಸಾಹತಿನಲ್ಲಿ ವಾಸವಾಗಿರಬಾರದು ಎಂಬುದೂ ಒಂದು. ತಂದೆತಾಯಿ ಕಾಡು ಕಡಿದು ಹೊಲ ಮಾಡಿದ ಜಾಗ ಬಿಟ್ಟರೆ ದೇಶ ಸಿಗುತ್ತದೆ ಎಂದಾಯಿತು. ಪೌರತ್ವವನ್ನೂ ಕ್ಯಾಂಪಿನ ಮನೆಯನ್ನೂ ಒಬ್ಬರೇ ಇಟ್ಟುಕೊಳ್ಳಲು ಕಾನೂನು ದಾರಿ ಮಾಡಿಕೊಡಬೇಕು.