ಹಾಡಿನ ಅಳತೆ, ಹಾಡುವವರ ಹೆಸರು: ದೇವನೂರಿನಿಂದ ಕೊರಿಯಾದ ಮಿನಿ ಆಲ್ಬಮ್‌ವರೆಗೆ

ದಕ್ಷಿಣ ಕೊರಿಯಾದ ಹೆಣ್ಣುಮಕ್ಕಳ ಗಾಯನ ತಂಡಗಳು ಹೊರತರುವ ಮಿನಿ ಆಲ್ಬಮ್, ಅಂದರೆ ಸಾಮಾನ್ಯವಾಗಿ ನಾಲ್ಕರಿಂದ ಏಳು ಹಾಡುಗಳಿರುವ ಕಿರುಸಂಕಲನ, ಇಂದಿನ ಸಂಗೀತ ವ್ಯಾಪಾರದ ಮುಖ್ಯ ಸರಕುಗಳಲ್ಲಿ ಒಂದಾಗಿದ್ದು, ಕರ್ನಾಟಕದ ತರುಣ ತರುಣಿಯರನ್ನೂ ಮೊಬೈಲಿನ ಮೂಲಕ ತಲುಪಿದೆ. ಅದು ತೀರ ಹೊಸದೆಂದು ತೋರಿದರೂ ಅದರ ಹಿಂದಿರುವ ಎರಡು ಪ್ರಶ್ನೆಗಳು ಹಳೆಯವು. ಒಂದು ಬಾರಿಗೆ ಕೇಳುಗರ ಮುಂದಿಡಬೇಕಾದ ಹಾಡಿನ ಅಳತೆಯನ್ನು ಯಾವುದು ನಿರ್ಧರಿಸುತ್ತದೆ ಎಂಬುದು ಮೊದಲನೆಯದು. ಕೂಡಿ ಹಾಡಿದ ಹೆಣ್ಣುಮಕ್ಕಳ ಹೆಸರು ಆ ಹಾಡಿನೊಡನೆ ಉಳಿಯುತ್ತದೆಯೇ ಎಂಬುದು ಎರಡನೆಯದು. ಇವೆರಡನ್ನೂ ಕನ್ನಡ ನಾಡಿನ ಅನುಭವದಿಂದ ಪರಿಶೀಲಿಸಲು ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ದೇವನೂರು ತಕ್ಕ ನೆಲೆಯಾಗಿದೆ.

ಲಕ್ಷ್ಮೀಶ ಕವಿ ತನ್ನ ಊರನ್ನು ಕಾವ್ಯದಲ್ಲಿ ದೇವಪುರವೆಂದು ಕರೆದಿದ್ದು, ಸುರಪುರದ ಕಡೆಯ ದೇವಪುರವೇ ಅದೆಂಬ ವಾದವೂ ಇರುವುದಾದರೂ, ಬಹುಮಂದಿ ವಿದ್ವಾಂಸರು ಅದನ್ನು ಲಕ್ಷ್ಮೀಕಾಂತ ದೇವಾಲಯವಿರುವ ದೇವನೂರೆಂದೇ ಗುರುತಿಸುತ್ತಾರೆ. ಆತನ ‘ಜೈಮಿನಿ ಭಾರತ’ 34 ಸಂಧಿಗಳ, 1907 ಪದ್ಯಗಳ ಕಾವ್ಯ; ಸಂಧಿಯೊಂದಕ್ಕೆ ಸರಾಸರಿ 56 ಪದ್ಯಗಳು ಬರುತ್ತವೆ. ಇದರ ಛಂದಸ್ಸು ವಾರ್ಧಕ ಷಟ್ಪದಿ: ಆರು ಸಾಲುಗಳಲ್ಲಿ ಒಂದು, ಎರಡು, ನಾಲ್ಕು ಮತ್ತು ಐದನೆಯವುಗಳಿಗೆ ಐದು ಮಾತ್ರೆಯ ನಾಲ್ಕು ಗಣಗಳು, ಮೂರು ಮತ್ತು ಆರನೆಯವುಗಳಿಗೆ ಅಂಥವೇ ಆರು ಗಣಗಳು ಹಾಗೂ ಕೊನೆಗೊಂದು ಗುರು ಬಂದು, ಇಡೀ ಪದ್ಯಕ್ಕೆ 144 ಮಾತ್ರೆಗಳಾಗುತ್ತವೆ. ಈ ನಡೆಯನ್ನು ತಾಳದ ಕಟ್ಟಿಲ್ಲದೆ, ಭಾವಕ್ಕೆ ತಕ್ಕಂತೆ ರಾಗ ಬದಲಿಸುತ್ತ ವಾಚಿಸುವ ಕಲೆಗೆ ಗಮಕವೆಂದು ಹೆಸರು; ಗಮಕಿ ಹಾಡಿದ್ದನ್ನು ವ್ಯಾಖ್ಯಾನಕಾರರು ಬಿಡಿಸಿ ಹೇಳುವರು. ಇಲ್ಲಿ ಹಾಡಿನ ಅಳತೆಯನ್ನು ನಿರ್ಧರಿಸುತ್ತಿದ್ದುದು ಸೇರಿದ ಜನರ ಬಿಡುವು ಮತ್ತು ಕಥೆಯ ಓಟ. ಚಂದ್ರಹಾಸ, ಸುಧನ್ವ, ಬಭ್ರುವಾಹನರ ಕಥೆಗಳು ಯಕ್ಷಗಾನ ಪ್ರಸಂಗಗಳಾಗಿ ಹರಡಿ ಓದು ಬಾರದವರಿಗೂ ಪರಿಚಿತವಾದಾಗ, ಕವಿಯ ಹೆಸರೂ ಊರಿನ ಹೆಸರೂ ಅವುಗಳ ಜತೆಯಲ್ಲಿ ಸಾಗಿದವು.

ಅದೇ ಬಯಲುಸೀಮೆಯ ಹಳ್ಳಿಗಳಲ್ಲಿ ಹೆಂಗಸರು ಕೂಡಿ ಹಾಡುವ ಪದ್ಧತಿ ಬೇರೊಂದು ದಾರಿಯಲ್ಲಿ ನಡೆಯಿತು. ಮದುವೆ, ಒಸಗೆಗಳಲ್ಲಿ ಹೇಳುವ ಸೋಬಾನೆ ಪದಗಳಲ್ಲಿ ಒಬ್ಬಾಕೆ ಸಾಲೆತ್ತಿಕೊಂಡರೆ ಉಳಿದವರು ಸೊಲ್ಲು ಹಿಡಿಯುವರು. ಬೀಸುವ ಪದಗಳ ಉದ್ದವನ್ನು ಕಲ್ಲಿಗೆ ಹಾಕಿದ ಕಾಳು ನಿಶ್ಚಯಿಸುವುದು. ನೂರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು, ಸಂದರ್ಭಕ್ಕೆ ತಕ್ಕಂತೆ ಕಟ್ಟಿ ಬೆಳೆಸಿದ ಈ ಹೆಂಗಸರ ವಿದ್ವತ್ತು ಗಮಕಿಗಳ ವಿದ್ವತ್ತಿಗಿಂತ ಕಡಿಮೆಯದಲ್ಲ. ಆದರೆ ಅವರ ಪದಗಳಿಗೆ ಕವಿಯ ಅಂಕಿತವಿರಲಿಲ್ಲವಾದ್ದರಿಂದ, ಪದ ಉಳಿದು ಹಾಡಿದವರ ಹೆಸರು ಮರೆಯಾಗುವುದು ವಾಡಿಕೆಯಾಯಿತು.

ಗ್ರಾಮಫೋನು ಈ ಎರಡು ಸಂಗತಿಗಳನ್ನೂ ಒಮ್ಮೆಲೇ ಬದಲಿಸಿತು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನಳ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗ, ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಹೆಚ್ಚೆಂದರೆ ಮೂರು ನಾಲ್ಕು ನಿಮಿಷದ ಸಂಗೀತ ಮಾತ್ರ. ರಾತ್ರಿಯಿಡೀ ಬೆಳೆಯಬಲ್ಲ ಗಾಯನ ಆ ಅಳತೆಗೆ ಕುಗ್ಗಲೇಬೇಕಾಯಿತು. ಅಚ್ಚಿನ ಕೆಲಸ ಜರ್ಮನಿಯ ಹ್ಯಾನೋವರಿನಲ್ಲಿ ನಡೆಯುತ್ತಿದ್ದು, ಅಲ್ಲಿನವರಿಗೆ ಗುರುತು ಸಿಗಲೆಂದು ಗಾಯಕಿಯರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಕುಲೀನ ಮನೆತನದ ಸ್ತ್ರೀಯರು ಸಭೆಯಲ್ಲಿ ಹಾಡುವುದು ನಿಷಿದ್ಧವೆನಿಸಿದ್ದ ಆ ಕಾಲದಲ್ಲಿ ಮೊದಲು ಮುಂದೆ ಬಂದವರು ತವಾಯಿಫ್ (ಉತ್ತರ ಭಾರತದ ವೃತ್ತಿಗಾಯಕಿಯರು) ಮತ್ತು ದೇವದಾಸಿ ಪರಂಪರೆಯ ಕಲಾವಿದೆಯರು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರೂ ಆ ಪೀಳಿಗೆಯವರೇ. ಸಮಾಜ ಬದಿಗೆ ಸರಿಸಿದ್ದ ಹೆಣ್ಣುಮಕ್ಕಳ ಹೆಸರು ತಟ್ಟೆಯ ಮೇಲೆ ಅಚ್ಚಾದದ್ದು ಸಂಗೀತದ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

1948ರಲ್ಲಿ ದೀರ್ಘಕಾಲ ನುಡಿಯುವ ಎಲ್‌ಪಿ, 1949ರಲ್ಲಿ ನಿಮಿಷಕ್ಕೆ 45 ಸುತ್ತು ತಿರುಗುವ ಏಳಂಗುಲದ ತಟ್ಟೆ, ಅದರ ಬೆನ್ನಿಗೆ ಒಂದೊಂದು ಮುಖದಲ್ಲಿ ಎರಡೆರಡು ಹಾಡು ಹಿಡಿಯುವ ಇಪಿ ಅಮೆರಿಕದಲ್ಲಿ ಬಂದವು. ನಾಲ್ಕು ಹಾಡಿನ ಈ ಇಪಿಯೇ ಇಂದಿನ ಮಿನಿ ಆಲ್ಬಮ್ಮಿನ ಪೂರ್ವಜ. ಕನ್ನಡದಲ್ಲಿ ಪಿ. ಕಾಳಿಂಗರಾಯರು ನವೋದಯ ಕವಿತೆಗಳನ್ನು ಸುಗಮ ಸಂಗೀತವಾಗಿ ಜನರ ನಡುವೆ ಒಯ್ದಾಗ, ಅವರೊಡನೆ ಮೋಹನಕುಮಾರಿ, ಸೋಹನಕುಮಾರಿ ಸಹೋದರಿಯರು ಹಾಡುತ್ತಿದ್ದರು. ಆ ಗಾಯನದ ಸೊಬಗಿನಲ್ಲಿ ಅವರ ಪಾಲು ದೊಡ್ಡದಾದರೂ, ಚರಿತ್ರೆ ಬರೆಯುವವರು ಅವರನ್ನು ಹೆಚ್ಚಾಗಿ ಜತೆಗಾತಿಯರೆಂದಷ್ಟೇ ಸ್ಮರಿಸಿದ್ದಾರೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ದಿಂದ ಭಾವಗೀತೆಗಳ ಧ್ವನಿಸುರುಳಿಯ ಯುಗ ಆರಂಭವಾಗಿ, ಹಾಡಿನ ಅಳತೆ ಮತ್ತೊಮ್ಮೆ ಹಿಗ್ಗಿತು.

ಕೊರಿಯಾದ ದಾರಿಯೂ ಗ್ರಾಮಫೋನಿನಿಂದಲೇ ಹೊರಟಿತು. ಜಪಾನಿನ ಆಳ್ವಿಕೆಯಲ್ಲಿದ್ದ ಆ ದೇಶದಲ್ಲಿ 1935ರ ಒಂದು ಮುದ್ರಿಕೆಯಿಂದ ಖ್ಯಾತಳಾದ ಲೀ ನಾನ್‌ಯಂಗ್, 1939ರ ಸುಮಾರಿಗೆ ರೂಪುಗೊಂಡ ಜೊಗೊರಿ ಸಿಸ್ಟರ್ಸ್ ತಂಡದಲ್ಲಿ ಹಾಡಿದಳು. ಜೊಗೊರಿ ಎಂದರೆ ಅಲ್ಲಿನ ಸಾಂಪ್ರದಾಯಿಕ ಮೇಲುಡುಗೆ. ಆಕೆಯ ಇಬ್ಬರು ಹೆಣ್ಣುಮಕ್ಕಳೂ ಸೋದರ ಸಂಬಂಧದ ಒಬ್ಬ ಹುಡುಗಿಯೂ ಸೇರಿದ ಕಿಮ್ ಸಿಸ್ಟರ್ಸ್, ಕೊರಿಯಾ ಯುದ್ಧದ ಬಳಿಕ ಅಮೆರಿಕದ ಸೈನಿಕ ಶಿಬಿರಗಳಲ್ಲಿ ಹಾಡಿ, 1959ರಲ್ಲಿ ಲಾಸ್ ವೇಗಸ್ಸಿಗೆ ಹೋದರು. 1997ರಲ್ಲಿ ಎಸ್.ಇ.ಎಸ್. ತಂಡದೊಡನೆ, ಕಂಪನಿಗಳೇ ಹುಡುಗಿಯರನ್ನು ಆರಿಸಿ, ತರಬೇತಿ ಕೊಟ್ಟು ತಂಡ ಕಟ್ಟುವ ಪದ್ಧತಿ ಬೇರೂರಿತು. 2009ರ ಜನವರಿಯಲ್ಲಿ ಗರ್ಲ್ಸ್ ಜನರೇಷನ್ ತಂಡದ ‘ಜೀ’ ಮಿನಿ ಆಲ್ಬಮ್ ಗೆದ್ದ ಮೇಲೆ ಕಿರುಸಂಕಲನವೇ ಮಾರುಕಟ್ಟೆಯ ರೂಢಿಯಾಯಿತು. ಅದರಲ್ಲಿ ಪ್ರತಿಯೊಬ್ಬ ಸದಸ್ಯೆಯ ಹೆಸರು, ಚಿತ್ರ ಎಲ್ಲವೂ ಇರುತ್ತವೆ. ಆದರೆ ಹೆಸರಿದ್ದ ಮಾತ್ರಕ್ಕೆ ಹಕ್ಕು ಬರಲಿಲ್ಲ. ದೀರ್ಘಾವಧಿಯ ಕರಾರುಗಳ ಮೇಲೆ ದೂರುಗಳೆದ್ದು, 2009ರಲ್ಲಿ ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗವು ಏಳು ವರ್ಷದ ಮಿತಿಯುಳ್ಳ ಮಾದರಿ ಕರಾರನ್ನು ರೂಪಿಸಬೇಕಾಯಿತು.

ಭಾರತದಲ್ಲಿಯೂ 1957ರ ಕೃತಿಸ್ವಾಮ್ಯ ಕಾಯಿದೆ ಗಾಯಕರ ಹಕ್ಕನ್ನು ಒಪ್ಪಿಕೊಂಡದ್ದು 1994ರ ತಿದ್ದುಪಡಿಯಲ್ಲಿ, ಅದನ್ನು ಬಲಪಡಿಸಿದ್ದು 2012ರಲ್ಲಿ. ಹಾಡುವವರು ಯಾರೇ ಇರಲಿ, ಪ್ರದರ್ಶನ ನೀಡಿದೊಡನೆ ಈ ಹಕ್ಕು ಅವರಿಗೆ ಸಲ್ಲುವುದರಿಂದ, ಸೋಬಾನೆ ಪದ ಹಾಡುವ ಹೆಂಗಸರಿಗೂ ಅದು ಅನ್ವಯಿಸಬೇಕಾದುದು ನ್ಯಾಯ. ಜನಪದ ಹಾಡಿಗೆ ಕರ್ತೃವಿಲ್ಲವೆಂಬ ಮಾತು ಹಾಡುಗಾರ್ತಿಯೂ ಇಲ್ಲವೆಂಬ ಅರ್ಥ ಕೊಡಬಾರದು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಪದಗಳನ್ನು ಮುದ್ರಿಸುವವರು ಸಾಲೆತ್ತಿದವಳ ಹೆಸರನ್ನೂ ಸೊಲ್ಲು ಹಿಡಿದವರೆಲ್ಲರ ಹೆಸರನ್ನೂ ಊರಿನೊಡನೆ ದಾಖಲಿಸಿ, ಬಂದ ಹಣದಲ್ಲಿ ಅವರ ಪಾಲನ್ನು ಅವರಿಗೇ ಸಲ್ಲಿಸಬೇಕು. ಲಕ್ಷ್ಮೀಶನ ಹೆಸರನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದಿರುವ ಸಮಾಜಕ್ಕೆ ಇದು ಅಸಾಧ್ಯವಾದ ಕೆಲಸವಲ್ಲ.