ಮೊಡವೆಯೂ ಉಗುರೂ: ಒಂದು ಸಣ್ಣ ಚರಿತ್ರೆ

ಬ್ಯಾಡರಹಳ್ಳಿಯ ನಮ್ಮ ಮನೆಯ ಬಚ್ಚಲಲ್ಲಿ ಒಂದು ಹಳೆಯ ಕನ್ನಡಿಯಿದೆ. ಅಕ್ಕನ ಮದುವೆಯ ಹಿಂದಿನ ದಿನ ಅದರ ಮುಂದೆ ನಿಂತು ಕೆನ್ನೆಯ ಮೇಲಿದ್ದ ಮೊಡವೆಯೊಂದನ್ನು ಹಿಂಡಿದ್ದೆ. ಆಗ ನನಗೆ ಹದಿನೇಳು. ಮದುವೆಯ ಫೋಟೊಗಳಲ್ಲಿ ಮೊಡವೆ ಇಲ್ಲ, ಅದರ ಮೂರರಷ್ಟು ದೊಡ್ಡ ಕೆಂಪು ಗಾಯವಿದೆ. ಅಜ್ಜಿ ಸಾಣೆಕಲ್ಲಿನ ಮೇಲೆ ಗಂಧ ತೇಯ್ದು ಹಚ್ಚುತ್ತಾ, “ಕೈ ಸುಮ್ಮನಿಟ್ಟುಕೊಂಡಿದ್ದರೆ ಇದ್ಯಾವುದೂ ಬೇಕಿರಲಿಲ್ಲ ಕಣೇ” ಅಂದಿದ್ದರು. ಈಗ ನನಗೆ ಇಪ್ಪತ್ತೆಂಟು. ಆ ಜಾಗದಲ್ಲಿ ಸಣ್ಣದೊಂದು ಗುಳಿ ಉಳಿದಿದೆ.

ಹೋದ ತಿಂಗಳು ಅದೇ ಕನ್ನಡಿಯ ಮುಂದೆ, ಅದೇ ಭಂಗಿಯಲ್ಲಿ ಚಿಕ್ಕಪ್ಪನ ಮಗಳನ್ನು ಕಂಡೆ. ಪಿಯುಸಿ ಓದುವ ಹುಡುಗಿ. ಹಳೆಯ ವೈದ್ಯಗ್ರಂಥಗಳ ಮೇಲೆ ಸಂಶೋಧನೆ ಮಾಡುವ ನಾನು ಅವಳಿಗೆ ಏನು ಹೇಳಬಲ್ಲೆ ಎಂದು ಯೋಚಿಸುತ್ತಾ ಮತ್ತೆ ಪುಸ್ತಕಗಳನ್ನು ತೆರೆದೆ.

ಸುಶ್ರುತಸಂಹಿತೆ ಮೊಡವೆಯನ್ನು ‘ಮುಖದೂಷಿಕೆ’ ಎನ್ನುತ್ತದೆ. ಹರೆಯದವರ ಮುಖದಲ್ಲಿ ಬೂರುಗದ ಮರದ ಮುಳ್ಳುಗಳಂತೆ ಏಳುವ ಗುಳ್ಳೆಗಳು ಎಂಬುದು ಅದರ ವರ್ಣನೆ. ಬೂರುಗದ ಕಾಂಡವನ್ನು ನೋಡಿದವರಿಗೆ ಹೋಲಿಕೆ ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಗ್ರಂಥ ಇದನ್ನು ಸೇರಿಸಿರುವುದು ‘ಕ್ಷುದ್ರರೋಗ’ಗಳ, ಅಂದರೆ ಸಣ್ಣ ರೋಗಗಳ ಪಟ್ಟಿಗೆ. ಹದಿನೇಳರ ಹುಡುಗಿ ಇದನ್ನು ಒಪ್ಪಲಾರಳು! ಚಿಕಿತ್ಸೆಯಾಗಿ ವಮನವನ್ನೂ, ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆಗಳ ಲೇಪವನ್ನೂ ಹೇಳಿದೆ. ವಾಗ್ಭಟನಲ್ಲಿ ಗುಣವಾಗದಿದ್ದರೆ ಹಣೆಯ ಸಿರೆ ಚುಚ್ಚಿ ರಕ್ತ ತೆಗೆಯುವ ಮಾತೂ ಇದೆ. ಹಳೆಯದೆಲ್ಲವನ್ನೂ ಇಂದು ಪಾಲಿಸಬೇಕಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಆದರೆ ಸುಶ್ರುತನ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅದು ಮೊಡವೆಯ ಬಗೆಗಲ್ಲ, ಬಾವುಗಳ ಬಗೆಗೆ. ಹಣ್ಣಾಗದ ಬಾವನ್ನು ತಿಳಿಯದೆ ಕೊಯ್ಯುವ ವೈದ್ಯ, ಹಣ್ಣಾದದ್ದನ್ನು ಉಪೇಕ್ಷಿಸುವ ವೈದ್ಯ, ಇಬ್ಬರೂ ಸಮಾನ ನಿಂದ್ಯರು ಎನ್ನುತ್ತಾನೆ. ಶಸ್ತ್ರ ಹಿಡಿದವನಿಗೇ ಇಷ್ಟು ಎಚ್ಚರ ಬೇಕಾದರೆ, ಬರೀ ಉಗುರು ಇರುವ ನಮಗೆ ಎಷ್ಟು ಬೇಡ?

ಮೊಡವೆ ಕೀಳುವ ಚಟ ನಮ್ಮೊಬ್ಬರದೇ ಅಲ್ಲ. 1898ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಲೂಯಿ ಬ್ರೋಕ್ ಅದಕ್ಕೊಂದು ಹೆಸರನ್ನೇ ಕೊಟ್ಟ: ತರುಣಿಯರ ಕೆರೆದ ಮೊಡವೆ. ಗುಳ್ಳೆ ಚಿಕ್ಕದು, ಕೆರೆದದ್ದರಿಂದ ಆದ ಗಾಯ ದೊಡ್ಡದು ಎಂಬುದು ಅದರ ಲಕ್ಷಣ. ಚಟ ಹುಡುಗರಿಗೂ ಇದೆ, ಹೆಸರಿನಲ್ಲಿ ಉಳಿದವರು ಹುಡುಗಿಯರು ಮಾತ್ರ. 1915ರಲ್ಲಿ ರಷ್ಯಾದ ಸಂಗೀತಗಾರ ಅಲೆಕ್ಸಾಂಡರ್ ಸ್ಕ್ರಿಯಾಬಿನ್ ಮೇಲ್ತುಟಿಯ ಮೇಲೆದ್ದ ಹುಣ್ಣು ನಂಜಾಗಿ ತೀರಿಕೊಂಡ. ಪೆನಿಸಿಲಿನ್ ಬಳಕೆಗೆ ಬರಲು ಇನ್ನೂ ಕಾಲು ಶತಮಾನವಿತ್ತು. ಮೂಗು ಮತ್ತು ಮೇಲ್ತುಟಿಯ ಸುತ್ತಲಿನ ಸಿರೆಗಳಿಗೆ ಮೆದುಳಿನ ಬುಡದ ರಕ್ತನಾಳಗಳೊಂದಿಗೆ ಸಂಪರ್ಕವಿದೆ. ಇಂದು ಅಂಥ ಸಾವು ತೀರಾ ಅಪರೂಪ. ಆದರೂ ಆ ಜಾಗವನ್ನು ಹಿಂಡಬಾರದು ಎಂದು ವೈದ್ಯರು ಹೇಳುವುದು ಸುಮ್ಮನೆ ಅಲ್ಲ.

ಅದೇ ಯುದ್ಧಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗಲಾರದೆ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ ಗಂಧದೆಣ್ಣೆ ಇಲ್ಲೇ ತಯಾರಾಗತೊಡಗಿ, ಅದರಿಂದ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಸೋಪು ಮಾಡುವ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿದ್ದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. 1957ರಲ್ಲಿ ಕಾರ್ಖಾನೆ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. ಅಜ್ಜಿಯ ಸಾಣೆಕಲ್ಲಿನ ಪಕ್ಕ ಆ ಸೋಪಿನ ಡಬ್ಬಿಯೂ ಇರುತ್ತಿತ್ತು. ನಮ್ಮ ಮನೆಯಲ್ಲಿ ಮೊಡವೆ ಎಂದರೆ ಕೊಳೆ, ಉಜ್ಜಿದರೆ ಹೋಗುತ್ತದೆ ಎಂಬ ನಂಬಿಕೆ. ನಾನು ದಿನಕ್ಕೆ ಐದು ಸಲ ಉಜ್ಜಿದ್ದೂ ಉಂಟು.

ಮೊಡವೆ ಕೊಳೆಯಿಂದ ಬರುವುದಲ್ಲ. ಹರೆಯದ ಹಾರ್ಮೋನುಗಳಿಂದ ಚರ್ಮದ ಎಣ್ಣೆ ಹೆಚ್ಚುತ್ತದೆ, ಕೂದಲಿನ ಬುಡದ ರಂಧ್ರ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯ ಬೆಳೆದು ಉರಿಯೂತವಾಗುತ್ತದೆ. ಹಿಂಡಿದಾಗ ಹೊರಗೆ ಬಂದಷ್ಟೇ ಕೀವು ಒಳಕ್ಕೂ ಒಡೆಯಬಹುದು. ಆಗಲೇ ಗುಳಿ ಬೀಳುವುದು. ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ತಂಗಿಗೆ ನಾನು ಹೇಳಿದ್ದು ಇಷ್ಟು. ದಿನಕ್ಕೆ ಎರಡು ಸಲ ಮೃದುವಾದ ಕ್ಲೆನ್ಸರಿನಿಂದ ಮುಖ ತೊಳೆ, ಉಜ್ಜಬೇಡ. 2.5 ಶೇಕಡ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ತೆಳ್ಳಗೆ ಹಚ್ಚು, ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ, ಜೋಕೆ. ರಾತ್ರಿಗೆ ಅಡಾಪಲೀನ್ ಬೇಕೇ ಎನ್ನುವುದನ್ನು ವೈದ್ಯರು ಹೇಳಲಿ. ಗರ್ಭಿಣಿಯರು ಅದನ್ನು ಬಳಸಬಾರದು. ಹಗಲು ಸನ್‌ಸ್ಕ್ರೀನ್ ಬೇಕು. ನಿಂಬೆರಸ, ಟೂತ್‌ಪೇಸ್ಟ್ ಬೇಡ. ಕೀವು ತುಂಬಿದ್ದಕ್ಕೆ ಮೊಡವೆಯ ಪಟ್ಟಿ ಅಂಟಿಸಿದರೆ ಬೆರಳು ತಾನಾಗಿ ದೂರ ಉಳಿಯುತ್ತದೆ. ಆಳದಲ್ಲಿ ಗಂಟುಗಟ್ಟಿ ನೋಯುತ್ತಿದ್ದರೆ ಕಾಯುತ್ತಾ ಕೂರದೆ ಚರ್ಮವೈದ್ಯರ ಬಳಿ ಹೋಗಬೇಕು. ಹಣ್ಣಾದದ್ದನ್ನು ಉಪೇಕ್ಷಿಸುವುದೂ ತಪ್ಪೇ ತಾನೆ?

ಅವಳು ತಲೆಯಾಡಿಸಿ ಒಳಗಿನಿಂದ ಒಂದು ಟ್ಯೂಬ್ ತಂದಳು. ಗೆಳತಿ ಕೊಟ್ಟದ್ದಂತೆ, “ಮೂರೇ ದಿನದಲ್ಲಿ ಬೆಳ್ಳಗಾಗುತ್ತದಂತೆ ಅಕ್ಕ.” ಸಣ್ಣ ಅಕ್ಷರಗಳನ್ನು ಓದಿದೆ: ಸ್ಟಿರಾಯ್ಡ್. ಇಂಥ ಮುಲಾಮುಗಳನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಮುಖ ಕೆಂಪೇರುತ್ತದೆ, ಬಿಟ್ಟೊಡನೆ ಮೊಡವೆ ದುಪ್ಪಟ್ಟಾಗಿ ಮರಳುತ್ತದೆ. ಭಾರತದ ಚರ್ಮವೈದ್ಯರು ವರ್ಷಗಟ್ಟಲೆ ಇದರ ವಿರುದ್ಧ ದನಿಯೆತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಆದರೂ ಒಂದು ಟ್ಯೂಬ್ ನಮ್ಮ ಮನೆಯ ತನಕ ಬಂದಿತ್ತು.

ಎಷ್ಟು ದಿನದಿಂದ ಹಚ್ಚುತ್ತಿದ್ದೀಯ ಎಂದು ಕೇಳಿದೆ. ಇನ್ನೂ ತೆರೆದಿಲ್ಲ ಎಂದಳು. ನನಗೆ ಉಸಿರು ಬಂತು. ಮಾರನೆಯ ದಿನ ಇಬ್ಬರೂ ಚರ್ಮವೈದ್ಯರ ಬಳಿ ಹೋದೆವು. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು ಎಂದರು. ಅವಳ ಮುಖ ಸಣ್ಣದಾಯಿತು. ಮನೆಗೆ ಬಂದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಹನ್ನೆರಡನೆಯ ವಾರಕ್ಕೆ ಒಂದು ಸುತ್ತು ಹಾಕಿ, ಉಗುರು ಕತ್ತರಿಸಿಕೊಳ್ಳಲು ಕೂತಳು.